ಮಿಸ್ ರೇಚಲ್ ಅವರಿಂದ ಅಪ್ಪ-ಅಮ್ಮಂದಿರು ಕಲಿಯಬಹುದಾದದ್ದು

ಎರಡು ವರ್ಷ ದಾಟಿದ ಮಕ್ಕಳಿರುವವರಿಗೆ ಒಂದು ಸಣ್ಣ ಸಲಹೆ. ನಮ್ಮ ಮನೆಯಲ್ಲಿ ಈಗ, ಯೂಟ್ಯೂಬ್ ವಿಡಿಯೊಗಳಲ್ಲಿ ಪುಟ್ಟ ಮಕ್ಕಳಿಗೆ ಮಾತು ಕಲಿಸುವ ಮಿಸ್ ರೇಚಲ್ ಅವರದ್ದೇ ದರ್ಬಾರು. ತಲೆಗೆ ಗುಲಾಬಿ ಪಟ್ಟಿ ಕಟ್ಟಿದ ಆ ಮುಖ ಕಂಡರೆ ಸಾಕು, ಮಗಳು ತಟ್ಟೆ ಬಿಟ್ಟು ಓಡುತ್ತಾಳೆ. ನ್ಯೂಯಾರ್ಕಿನಲ್ಲಿ ಸಂಗೀತದ ಟೀಚರ್ ಆಗಿದ್ದವರು ಇವರು. ಸ್ವಂತ ಮಗನಿಗೆ ಮಾತು ತಡವಾದಾಗ ಈ ವಿಡಿಯೊಗಳನ್ನು ಶುರು ಮಾಡಿದರು.

ನೀವೂ ಮಗುವಿನ ಪಕ್ಕದಲ್ಲಿ ಕೂತು, ಅವರು ಮಾತಾಡುವ ರೀತಿ ನೋಡಿ. ಒಂದೇ ಪದವನ್ನು ರಾಗವಾಗಿ, ಮತ್ತೆ ಮತ್ತೆ ಹೇಳುತ್ತಾರೆ. ತುಟಿ ಆಡುವುದು ಹತ್ತಿರದಿಂದ ಕಾಣುತ್ತದೆ. ಆಮೇಲೆ ಸುಮ್ನೆ ಕಾಯುತ್ತಾರೆ. ಕೆಲಸ ಮಾಡುವುದು ಆ ಕಾಯುವಿಕೆಯೇ. ನಾವೋ, "ಇದೇನು ಪುಟ್ಟಾ?" ಅಂತ ಕೇಳಿ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ, ಅಲ್ವಾ?

ಟಿವಿ ಆರಿಸಿದ ಮೇಲೆ ಅದೇ ಆಟ ಆಡಿ. ಚೆಂಡನ್ನು ನಿಮ್ಮ ಬಾಯಿಯ ಹತ್ತಿರ ಹಿಡಿದು "ಚೆಂ...ಡು" ಅನ್ನಿ. ಮನಸ್ಸಿನಲ್ಲೇ ಐದು ಎಣಿಸಿ. ಮಗು ಬರೀ "ಚೆ" ಅಂದರೂ ಸಾಕು, ಚೆಂಡು ಕೊಟ್ಟುಬಿಡಿ. ದೋಸೆ, ಬೀದಿಯ ಹಸು, ಅಜ್ಜಿಯ ಕನ್ನಡಕ, ಎಲ್ಲಕ್ಕೂ ಇದು ನಡೆಯುತ್ತದೆ. (ಪಾಪ, ಮಿಸ್ ರೇಚಲ್ ನಮ್ಮ ಅಜ್ಜಿಯ ಕನ್ನಡಕ ಎಲ್ಲಿಂದ ತರಬೇಕು!)

ಹೊತ್ತಿನ ವಿಷಯ: ಮಕ್ಕಳ ವೈದ್ಯರ ಸಂಘ ಐಎಪಿ ಪ್ರಕಾರ 2 ವರ್ಷದೊಳಗೆ ಸ್ಕ್ರೀನ್ ಬೇಡ, 2ರಿಂದ 5ರವರೆಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಬೇಡ. ಯೂಟ್ಯೂಬಿನಲ್ಲಿ ಆಟೋಪ್ಲೇ (ಒಂದು ವಿಡಿಯೊ ಮುಗಿದರೆ ಇನ್ನೊಂದು ತಾನಾಗಿ ಶುರುವಾಗುವುದು) ಆಫ್ ಮಾಡಿಡಿ, ಅರ್ಧ ರಗಳೆ ಅಲ್ಲೇ ತಪ್ಪುತ್ತದೆ.