ಬಣ್ಣ ಹೊಡೆಸಬೇಡಿ, ಮೊದಲು ನಂಬರ್ ಓದಿ

ಶಿರಸಿ, ಸಿದ್ದಾಪುರದ ಹಳೆ ಮನೆಗಳ ಕೊಟ್ಟಿಗೆಯಲ್ಲಿ ಇಂದಿಗೂ ಯೆಜ್ಡಿ, ಬುಲೆಟ್, ರಾಜದೂತ್ ಬೈಕ್‌ಗಳು ಗೋಣಿಚೀಲ ಹೊದ್ದು ನಿಂತಿವೆ. ಕಂಪನಿಯಿಂದ ಬಂದ ಹಾಗೇ ಉಳಿದದ್ದು ಮಾತ್ರ ಕಡಿಮೆ. ಒಬ್ಬರು ಹ್ಯಾಂಡಲ್ ಬದಲಿಸಿದ್ದಾರೆ, ಇನ್ನೊಬ್ಬರು ಟ್ಯಾಂಕ್, ಮತ್ತೊಬ್ಬರು ಇಂಜಿನ್ನನ್ನೇ. ಮಾರುವ ಯೋಚನೆ ಬಂದೊಡನೆ ಹಲವರು ಪೇಂಟರ್ ಹತ್ತಿರ ಓಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾರವಾರ, ಕುಮಟಾದ ಉಪ್ಪುಗಾಳಿ ಕುಡಿದ ಗಾಡಿಗೆ ಹೊಸ ಬಣ್ಣ ಬಿದ್ದಿದ್ದರೆ, ಅಡಿಯಲ್ಲಿ ತುಕ್ಕಿದೆ ಎಂದೇ ಬಲ್ಲ ಗಿರಾಕಿ ಲೆಕ್ಕ ಹಾಕುತ್ತಾನೆ.

ನಂಬರ್ ಓದುವುದು

ಚಾಸಿಸ್ ನಂಬರ್ ಸಾಮಾನ್ಯವಾಗಿ ಹ್ಯಾಂಡಲ್ ಕೆಳಗೆ, ಫ್ರೇಮಿನ ತಲೆಭಾಗದಲ್ಲಿರುತ್ತದೆ. ಇಂಜಿನ್ ನಂಬರ್ ಕ್ರ್ಯಾಂಕ್‌ಕೇಸಿನ, ಅಂದರೆ ಇಂಜಿನ್ನಿನ ಕೆಳಭಾಗದ ಕವಚದ ಮೇಲೆ. ಹಳೆ ಟೂತ್‌ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಜಿಡ್ಡು ತೆಗೆಯಿರಿ, ಒಣಗಿದ ಮೇಲೆ ಸೀಮೆಸುಣ್ಣ ಉಜ್ಜಿ. ಅಕ್ಷರಗಳು ಎದ್ದು ಕಾಣುತ್ತವೆ. ಎಮರಿ ಪೇಪರ್ ಮುಟ್ಟಿಸಲೇಬೇಡಿ. ಅಕ್ಷರ ಸವೆದರೆ ತಿದ್ದಿದ ನಂಬರ್ ಎಂಬ ಅನುಮಾನ ಬರುತ್ತದೆ, ಆಮೇಲೆ ಯಾವ ಮಾತೂ ನಡೆಯುವುದಿಲ್ಲ. ಎರಡೂ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದು ಆರ್‌ಸಿ ಜೊತೆ ಹೋಲಿಸಿ.

ಗಾಡಿ ಯಾವುದು, ಭಾಗ ಯಾವುದರದು?

ಇಲ್ಲಿ ಇಸವಿಗಳು ನೆರವಿಗೆ ಬರುತ್ತವೆ. ಮೈಸೂರಿನ ಐಡಿಯಲ್ ಜಾವಾ 1961ರಿಂದ ಜಾವಾ ಹೆಸರಲ್ಲಿ ಬೈಕ್ ಮಾಡಿತು, 1970ರ ದಶಕದಲ್ಲಿ ಹೆಸರು ಯೆಜ್ಡಿಯಾಯಿತು, 1996ಕ್ಕೆ ಕಾರ್ಖಾನೆ ನಿಂತಿತು. ಆರ್‌ಸಿಯಲ್ಲಿ 1985 ಎಂದಿದ್ದು ಟ್ಯಾಂಕಿನ ಮೇಲೆ ಜಾವಾ ಇದ್ದರೆ, ಟ್ಯಾಂಕ್ ಅಥವಾ ಬ್ಯಾಡ್ಜ್ ಬೇರೆ ಗಾಡಿಯದು. ಹಳೆ ಬುಲೆಟ್‌ಗೆ ಗೇರ್ ಬಲಗಾಲಿಗೆ. 1970ರ ಗಾಡಿಯಲ್ಲಿ ಅದು ಎಡಕ್ಕೆ ಬಂದಿದ್ದರೆ ಯಾರೋ ಕೈಯಾಡಿಸಿದ್ದಾರೆ. ಡೀಸೆಲ್ ಬುಲೆಟ್ ಕಂಡರೆ ಅವಸರದ ತೀರ್ಮಾನ ಬೇಡ. 325 ಸಿಸಿ ಡೀಸೆಲ್ ಬುಲೆಟ್ಟನ್ನು ಕಂಪನಿಯೇ ಮಾರುತ್ತಿತ್ತು. ಆರ್‌ಸಿಯ ಇಂಧನದ ಕಾಲಂನಲ್ಲಿ ಪೆಟ್ರೋಲ್ ಎಂದಿದ್ದರೆ ಅದು ಗ್ಯಾರೇಜಿನ ಕೆಲಸ.

ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಟ್ಯಾಂಕಿನ ಮೇಲೆ ಮೆಲ್ಲಗೆ ಸರಿಸಿ. ಹಿಡಿತ ಸಡಿಲವಾದಲ್ಲಿ ಬಣ್ಣದಡಿ ತಗ್ಗು, ತೂತು ಮುಚ್ಚಿದ ಪುಟ್ಟಿ ಇದೆ.

ಬೆಲೆ ಕಟ್ಟುವುದು

ಮಾಡಿಫಿಕೇಶನ್‌ಗೆ ಎಷ್ಟು ಸುರಿದಿದ್ದೀರಿ ಎಂಬುದನ್ನು ಮರೆತುಬಿಡಿ, ಆ ದುಡ್ಡು ಬೆಲೆಯಲ್ಲಿ ಮರಳಿ ಬರುವುದು ಅಪರೂಪ. ಬದಲಾವಣೆಗಳನ್ನು ಹೀಗೆ ಬೇರ್ಪಡಿಸಿ: ಬೋಲ್ಟ್ ಬಿಚ್ಚಿ ಹಿಂದಿನ ಹಾಗೆ ಮಾಡಬಹುದಾದ ಹ್ಯಾಂಡಲ್, ಸೀಟು, ಸೈಲೆನ್ಸರ್ ಒಂದು ಕಡೆ, ಕತ್ತರಿಸಿ ವೆಲ್ಡಿಂಗ್ ಮಾಡಿದ ಫ್ರೇಮ್, ಬದಲಿಸಿದ ಇಂಜಿನ್ ಇನ್ನೊಂದು ಕಡೆ. ಮೊದಲನೆಯದು ಬೆಲೆಯನ್ನು ಸ್ವಲ್ಪ ಇಳಿಸುತ್ತದೆ, ಎರಡನೆಯದು ಗಾಡಿಯ ಗುರುತನ್ನೇ ಅಳಿಸುತ್ತದೆ. 6 ವೋಲ್ಟ್‌ನಿಂದ 12 ವೋಲ್ಟ್‌ಗೆ ಬದಲಿಸಿದ್ದನ್ನು ನಾನು ದೋಷ ಎನ್ನಲಾರೆ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವವನಿಗೆ ಬೆಳಕು ಬೇಕು.

ಒಂದು ಮಾದರಿ ಲೆಕ್ಕ: ನಿಮ್ಮ ಗಾಡಿಯಂಥದೇ, ಮೂಲರೂಪದ ಬೈಕ್ ನಿಜವಾಗಿ ಮಾರಾಟವಾದ ಬೆಲೆ 1,40,000 ರೂಪಾಯಿ ಎಂದುಕೊಳ್ಳಿ. ನಿಮ್ಮದನ್ನು ಆ ಸ್ಥಿತಿಗೆ ತರಲು 55,000 ಬೇಕಾದರೆ ಉಳಿಯುವುದು 85,000. ಮಾತು ಶುರುವಾಗಬೇಕಾದ್ದು ಅಲ್ಲಿಂದ. ಜಾಹೀರಾತಿನಲ್ಲಿ ಕೇಳುವ ಬೆಲೆಯನ್ನು ನಂಬಬೇಡಿ. ಜೊತೆಗೆ ಅಟ್ಟ ಹತ್ತಿ ಹುಡುಕಿ: ಬಿಚ್ಚಿಟ್ಟ ಹಳೆ ಕಾರ್ಬುರೇಟರ್, ಮೀಟರ್, ಟೂಲ್‌ಬಾಕ್ಸ್ ಮುಚ್ಚಳ ಸಿಕ್ಕರೆ ಅವೂ ದುಡ್ಡೇ. ಗುಜರಿಗೆ ಹಾಕಬೇಡಿ.

ಕಾಗದಪತ್ರ

50 ವರ್ಷ ದಾಟಿದ ಗಾಡಿಗೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಸಾಧ್ಯ, ಆದರೆ ಚಾಸಿಸ್, ಇಂಜಿನ್ ಮೂಲರೂಪದಲ್ಲಿರಬೇಕು. ಅನುಮತಿಯಿಲ್ಲದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯಡಿ ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಹಾಗಾಗಿ ಬದಲಾದದ್ದೆಲ್ಲವನ್ನೂ ಬರೆದು ಗಿರಾಕಿಯ ಕೈಗೆ ಕೊಡಿ. ಮುಚ್ಚಿಟ್ಟದ್ದು ಆರ್‌ಟಿಒ ತಪಾಸಣೆಯಲ್ಲಿ ಹೊರಬಿದ್ದರೆ ವ್ಯವಹಾರ ಮುರಿಯುತ್ತದೆ.

ಆರ್‌ಸಿ ತೀರಿಕೊಂಡ ತಂದೆಯ ಹೆಸರಲ್ಲಿದ್ದರೆ ಮೊದಲು ಫಾರ್ಮ್ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ. ಮಾರಾಟಕ್ಕೆ ಫಾರ್ಮ್ 29 ಮತ್ತು 30. ಕಾರವಾರದವರಿಗೆ ಗಿರಾಕಿ ಹೆಚ್ಚಾಗಿ ಗಡಿಯಾಚೆ ಗೋವಾದಿಂದಲೇ ಬರಬಹುದು. ಆಗ ಫಾರ್ಮ್ 28ರ ಎನ್‌ಒಸಿಯೂ (ನಿರಾಕ್ಷೇಪಣಾ ಪತ್ರ) ಬೇಕು. ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸುವ ಹೊಣೆ ಮಾರಿದವರದ್ದೇ. ಗಾಡಿ ಕೈಬಿಡುವಾಗ ತಾರೀಖು, ಗಂಟೆ ಬರೆದ ರಸೀದಿಗೆ ಗಿರಾಕಿಯ ಸಹಿ ಹಾಕಿಸಿಕೊಂಡು, ಅವರ ಗುರುತಿನ ಚೀಟಿಯ ನಕಲನ್ನೂ ಇಟ್ಟುಕೊಳ್ಳಿ.