ಶ್ರೀರಂಗಪಟ್ಟಣದಿಂದ ಹೊರಟ ವಜ್ರ ನಮ್ಮ ಅಡುಗೆಮನೆಗೆ ಬಂದದ್ದು

ವಿಲ್ಕಿ ಕಾಲಿನ್ಸ್ ಬರೆದ ‘ದಿ ಮೂನ್‌ಸ್ಟೋನ್’ ಕಾದಂಬರಿ ನನಗೆ ಸಿಕ್ಕಿದ್ದು ಮಗಳ ಇತಿಹಾಸದ ಪ್ರಾಜೆಕ್ಟ್‌ನ ದೆಸೆಯಿಂದ. ನಾಲ್ಕನೆಯ ಮೈಸೂರು ಯುದ್ಧದ ಬಗ್ಗೆ ಅವಳು ಬರೆದು ಒಪ್ಪಿಸಬೇಕಿತ್ತು. ಮೈಸೂರಿನಲ್ಲಿ ಮನೆ ಮಾಡಿಕೊಂಡಿರುವ ನಮಗೆ ಶ್ರೀರಂಗಪಟ್ಟಣದ ವಿಷಯಕ್ಕೆ ಬರವಿಲ್ಲ. ಆದರೂ ಹೊಸದೇನಾದರೂ ಸಿಕ್ಕೀತೇ ಎಂದು ಮೊಬೈಲಿನಲ್ಲಿ ಹುಡುಕುತ್ತಿದ್ದಾಗ, 1868ರಲ್ಲಿ ಬಂದ ಇಂಗ್ಲಿಷ್ ಪತ್ತೇದಾರಿ ಕಾದಂಬರಿಯೊಂದರ ಮೊದಲ ಪುಟದಲ್ಲೇ ನಮ್ಮ ಶ್ರೀರಂಗಪಟ್ಟಣ ಇದೆ ಎಂದು ತಿಳಿಯಿತು. ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿರುವುದರಿಂದ ಪುಸ್ತಕವು ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಉಚಿತವಾಗಿಯೇ ಇತ್ತು. ಕುಕ್ಕರ್ ಕೂಗುವಷ್ಟರಲ್ಲಿ ಮುನ್ನುಡಿಯಂತಿರುವ ಮೊದಲ ಭಾಗ ಓದಿ ಮುಗಿಸಿದೆ. ಅನ್ನ ಬಡಿಸುವಾಗಲೂ ಮನಸ್ಸು ಅಲ್ಲೇ ಇತ್ತು.

ಕಥೆ ಹೀಗಿದೆ. ಸೋಮನಾಥದ ಚಂದ್ರದೇವರ ವಿಗ್ರಹದ ಹಣೆಯಲ್ಲಿ ಒಂದು ಹಳದಿ ವಜ್ರವಿರುತ್ತದೆ. ಗಜನಿ ಮಹಮೂದನ ದಾಳಿಯ ಕಾಲದಲ್ಲಿ ವಿಗ್ರಹವನ್ನು ಕಾಶಿಗೆ ಸಾಗಿಸುತ್ತಾರೆ. ಮೂವರು ಬ್ರಾಹ್ಮಣರು ತಲೆತಲಾಂತರಕ್ಕೂ ಹಗಲಿರುಳು ಅದನ್ನು ಕಾಯಬೇಕೆಂಬುದು ದೇವರ ಅಪ್ಪಣೆ. ಕಾಲಾಂತರದಲ್ಲಿ ಕಳವಾದ ವಜ್ರ ಕೈಯಿಂದ ಕೈಗೆ ದಾಟುತ್ತಾ ಟಿಪ್ಪುವಿನ ಖಜಾನೆ ಸೇರಿ ಕಠಾರಿಯ ಹಿಡಿಯಲ್ಲಿ ಕೂರುತ್ತದೆ. 1799ರ ಮೇ 4ರಂದು ಕೋಟೆ ಬಿದ್ದಾಗ ಹರ್ನ್‌ಕಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಕಾವಲಿನವರನ್ನು ಕೊಂದು ಅದನ್ನು ಎತ್ತಿಕೊಳ್ಳುತ್ತಾನೆ. ಸುಮಾರು ಐವತ್ತು ವರ್ಷಗಳ ನಂತರ, 1848ರಲ್ಲಿ, ಅದು ಯಾರ್ಕ್‌ಶೈರಿನ ಒಂದು ಮನೆಯಲ್ಲಿ ರೇಚಲ್ ಎಂಬ ಹುಡುಗಿಗೆ ಹದಿನೆಂಟನೆಯ ಹುಟ್ಟುಹಬ್ಬದ ಉಡುಗೊರೆಯಾಗಿ ಬರುತ್ತದೆ. ಆ ರಾತ್ರಿಯೇ ಮಾಯವಾಗುತ್ತದೆ. ಕದ್ದವರು ಯಾರು? ನಾನು ಇಲ್ಲಿ ಹೇಳುವುದಿಲ್ಲ. ಈ ಪುಸ್ತಕದ ವಿಷಯದಲ್ಲಿ ಅದನ್ನು ಬಾಯಿಬಿಡುವುದು ಅನ್ಯಾಯ.

ದೊಡ್ಡ ಪುಸ್ತಕ ಇದು. ಮೊದಲು ಮೂರು ಸಂಪುಟಗಳಲ್ಲಿ ಅಚ್ಚಾದದ್ದು. ಬೆಳಗ್ಗೆ ಡಬ್ಬಿ ಕಟ್ಟುವುದು, ಕಚೇರಿ, ಸಂಜೆ ಮಗನ ಹೋಂವರ್ಕ್, ಅತ್ತೆಯವರ ಮಾತ್ರೆ, ಇವುಗಳ ನಡುವೆ ಇಷ್ಟು ದೊಡ್ಡದನ್ನು ಓದಲು ಪುರುಸೊತ್ತು ಎಲ್ಲಿದೆ ಎಂದು ಅನೇಕರು ಕೇಳುತ್ತಾರೆ. ನನ್ನ ಉತ್ತರ ಈ ಕಾದಂಬರಿಯ ಹುಟ್ಟಿನಲ್ಲೇ ಇದೆ. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ 1868ರ ಜನವರಿಯಿಂದ ಆಗಸ್ಟ್‌ವರೆಗೆ ಇದು ಧಾರಾವಾಹಿಯಾಗಿ ಬಂತು. ವಾರಕ್ಕೊಂದು ಕಂತು ಓದಿ, ಮುಂದಿನ ಕಂತಿನವರೆಗೆ ಮನೆಮಂದಿಯೆಲ್ಲ ತಲೆ ಕೆಡಿಸಿಕೊಳ್ಳಲಿ ಎಂದೇ ಹೆಣೆದ ಕಥೆ. ಬಿಡುವಿಲ್ಲದ ಸಂಸಾರವೇ ಅದರ ಸರಿಯಾದ ಜಾಗ. ನಾನೂ ಕಂತಿನ ಲೆಕ್ಕದಲ್ಲೇ ಓದಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದೋ ಎರಡೋ ಅಧ್ಯಾಯ, ಅಷ್ಟೇ. ಇನ್ನೂ ಓದಬೇಕೆಂದು ಆಸೆಯಾದರೂ ಮೊಬೈಲ್ ಮುಚ್ಚಿಟ್ಟುಬಿಡುತ್ತಿದ್ದೆ. ಮರುದಿನ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ನಿಂತಾಗ ಆ ಅಧ್ಯಾಯ ತಲೆಯಲ್ಲಿ ಸುತ್ತುತ್ತಿತ್ತು.

ಅದು ಅವರೆಕಾಯಿಯ ಕಾಲ. ನೆನೆಸಿದ ಕಾಳನ್ನು ಹಿದುಕಲು ಸಂಜೆ ನಾವೆಲ್ಲ ಒಂದು ದೊಡ್ಡ ತಟ್ಟೆಯ ಸುತ್ತ ಕೂರುತ್ತಿದ್ದೆವು. ಬೆರಳುಗಳಿಗೆ ಕೆಲಸವಿರುತ್ತದೆ, ಕಿವಿ ಖಾಲಿ ಇರುತ್ತದೆ. ಒಂದು ದಿನ ಸುಮ್ಮನೆ, “ನಮ್ಮ ಶ್ರೀರಂಗಪಟ್ಟಣದ ವಜ್ರದ ಕಥೆ ಹೇಳಲೇ?” ಎಂದೆ. ಅತ್ತೆಯವರು ಹುಡುಗಿಯಾಗಿದ್ದಾಗ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿದವರು. ಪತ್ತೇದಾರಿ ಎಂದೊಡನೆ ಅವರ ಬೆನ್ನು ನೆಟ್ಟಗಾಯಿತು. ನಾನು ಮುನ್ನುಡಿಯ ಭಾಗ ಮುಗಿಸುವಷ್ಟರಲ್ಲಿ ಅವರು ತೀರ್ಪು ಕೊಟ್ಟಾಗಿತ್ತು: “ದೇವರ ಒಡವೆ ಅಮ್ಮಾ ಅದು. ಯಾರಿಗೂ ದಕ್ಕುವುದಿಲ್ಲ.”

ಅಂದಿನಿಂದ ನಮ್ಮ ಮನೆ ಎರಡು ಪಕ್ಷವಾಯಿತು. ಮಗಳಿಗೆ ಯಾರ್ಕ್‌ಶೈರಿನ ಮನೆಯಲ್ಲಿ ಕದ್ದವರು ಯಾರೆಂದು ತಿಳಿಯಬೇಕು. ಅತ್ತೆಯವರಿಗೆ ವಜ್ರ ಸೋಮನಾಥನಿಗೆ ಮರಳುತ್ತದೆಯೇ ಎಂಬುದಷ್ಟೇ ಮುಖ್ಯ. ಆ ಮೂವರು ಬ್ರಾಹ್ಮಣರು ಡೋಲು ಬಾರಿಸುವ ಜಾದೂಗಾರರ ವೇಷದಲ್ಲಿ ಇಂಗ್ಲೆಂಡಿಗೆ ಬರುತ್ತಾರೆ. ಸಮುದ್ರ ದಾಟಿದ್ದರಿಂದ ಒಮ್ಮೆ, ಆ ವೇಷ ಹಾಕಿದ್ದರಿಂದ ಇನ್ನೊಮ್ಮೆ, ಹೀಗೆ ಎರಡು ಬಾರಿ ಜಾತಿ ಕಳೆದುಕೊಂಡವರು ಎಂದು ಕಾದಂಬರಿಯಲ್ಲಿ ಭಾರತ ಸುತ್ತಿ ಬಂದ ಪ್ರವಾಸಿಯೊಬ್ಬ ವಿವರಿಸುತ್ತಾನೆ. ಇಂಗ್ಲಿಷ್ ಓದುಗರಿಗೆ ವಿವರಿಸಬೇಕಾಗಿದ್ದ ಈ ಸಂಗತಿಯ ಭಾರ ಅತ್ತೆಯವರಿಗೆ ಹೇಳದೆಯೇ ಗೊತ್ತಿತ್ತು. ಅವರ ಅಜ್ಜನ ಕಾಲದಲ್ಲೂ ಹಡಗು ಹತ್ತಿದವರನ್ನು ಪಂಕ್ತಿಯಿಂದ ಹೊರಗಿಟ್ಟಿದ್ದರಂತೆ. “ಇಷ್ಟೆಲ್ಲ ಕಳೆದುಕೊಂಡು ಬಂದವರು ಕಳ್ಳರಾಗಲು ಹೇಗೆ ಸಾಧ್ಯ?” ಎಂದು ಕಾಳು ಹಿದುಕುವುದನ್ನೇ ನಿಲ್ಲಿಸಿ ಕೇಳಿದರು. 1857 ಕಳೆದು ಹನ್ನೊಂದೇ ವರ್ಷವಾಗಿದ್ದ ಕಾಲದಲ್ಲಿ ಭಾರತೀಯರ ಬಗ್ಗೆ ಇಂಗ್ಲೆಂಡಿನಲ್ಲಿ ರೋಷ ಇನ್ನೂ ಆರಿರಲಿಲ್ಲ. ಅಂಥ ಹೊತ್ತಿನಲ್ಲಿ ಕಾಲಿನ್ಸ್ ತನ್ನ ಕಥೆಯ ಶ್ರೀರಂಗಪಟ್ಟಣದ ಕಳ್ಳತನವನ್ನು ಇಂಗ್ಲಿಷ್ ಅಧಿಕಾರಿಯ ಕೈಯಲ್ಲೇ ಮಾಡಿಸಿದ. ಈ ಒಂದು ಕಾರಣಕ್ಕೇ ನನಗೆ ಆತನ ಮೇಲೆ ಗೌರವ ಹುಟ್ಟಿತು.

ಕಥೆ ಹೇಳುವವರು ಒಬ್ಬರಲ್ಲ. ನ್ಯಾಯಾಲಯದಲ್ಲಿ ಸಾಕ್ಷಿಗಳು ಕಟಕಟೆ ಹತ್ತುವಂತೆ ಒಬ್ಬೊಬ್ಬರೂ ಬಂದು, ತಾವು ಕಣ್ಣಾರೆ ಕಂಡದ್ದನ್ನಷ್ಟೇ ಬರೆದು ಹೋಗುತ್ತಾರೆ. ಮೊದಲು ಬರುವವನು ಬೆಟರೆಡ್ಜ್, ಎಪ್ಪತ್ತು ದಾಟಿದ, ಮನೆಯ ಮೇಲುಸ್ತುವಾರಿಯ ಮುದುಕ. ಕಷ್ಟ ಬಂದಾಗಲೆಲ್ಲ ‘ರಾಬಿನ್‌ಸನ್ ಕ್ರೂಸೋ’ ತೆರೆದು ಕಣ್ಣಿಗೆ ಬಿದ್ದ ಪುಟದಲ್ಲಿ ದಾರಿ ಹುಡುಕುತ್ತಾನೆ. ಯಾವ ದಿನ ಏನಾಯಿತು ಎಂಬುದು ಅವನಿಗೆ ನೆನಪಾಗದಿದ್ದರೆ ಮಗಳು ಪೆನೆಲೋಪಿಯ ದಿನಚರಿ ನೆರವಿಗೆ ಬರುತ್ತದೆ. ಅವನ ಭಾಗವನ್ನು ನಾನು ಅವಸರವಿಲ್ಲದೆ ಓದಿದೆ. ಜಗಲಿಯಲ್ಲಿ ಕುಳಿತ ಹಿರಿಯರು ಮಾತನಾಡಿದಂತೆ ಮೂಲ ವಿಷಯದಿಂದ ಆಚೀಚೆ ಹೋಗಿ ಮತ್ತೆ ದಾರಿಗೆ ಬರುವ ಅವನ ಧಾಟಿ ಕನ್ನಡದಲ್ಲಿ ಹೇಳಲು ಸಲೀಸು. ಆಮೇಲೆ ಬರುವ ಮಿಸ್ ಕ್ಲ್ಯಾಕ್ ಬಂಧುಗಳ ಮನೆಯ ಮೂಲೆಮೂಲೆಯಲ್ಲೂ ಧರ್ಮಬೋಧೆಯ ಪುಸ್ತಿಕೆಗಳನ್ನು ಇಟ್ಟು ಹೋಗುವ ಹೆಂಗಸು. ಅವಳ ಭಾಗ ಹೇಳಿದ ದಿನ ಅತ್ತೆಯವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನನಗೆ ಅತಿ ಇಷ್ಟವಾದವನು ಪತ್ತೇದಾರ ಸಾರ್ಜೆಂಟ್ ಕಫ್. ಸಣಕಲು ದೇಹದ, ನರೆತ ತಲೆಯ ಮನುಷ್ಯ. ಬಂದವನೇ ತೋಟದವನ ಜೊತೆ ಗುಲಾಬಿ ಬೆಳೆಸುವ ಬಗೆಯ ಕುರಿತು ವಾದಕ್ಕೆ ನಿಲ್ಲುತ್ತಾನೆ. ರೇಚಲ್‌ಳ ಕೋಣೆಯ ಬಾಗಿಲಿಗೆ ಹೊಸದಾಗಿ ಬಣ್ಣ ಬಳಿದಿರುತ್ತಾರೆ. ಅದರಲ್ಲಿ ಒಂದು ಕಡೆ ಚಿಕ್ಕದಾಗಿ ಒರೆಸಿದ ಗುರುತು. ಮೊದಲು ಬಂದ ಪೊಲೀಸ್ ಅಧಿಕಾರಿ ಅದನ್ನು ಆಳುಗಳ ಬಟ್ಟೆ ತಗುಲಿದ್ದಿರಬೇಕು, ಕ್ಷುಲ್ಲಕ ವಿಷಯ ಎಂದು ತಳ್ಳಿಹಾಕುತ್ತಾನೆ. ಕಫ್ ಮಾತ್ರ, ಕ್ಷುಲ್ಲಕ ಎಂಬುದನ್ನು ತಾನು ಈ ಲೋಕದಲ್ಲಿ ಇನ್ನೂ ಕಂಡಿಲ್ಲ ಎಂದು ಹೇಳಿ, ಬಣ್ಣ ಎಷ್ಟು ಗಂಟೆಗೆ ಬಳಿದದ್ದು, ಒಣಗಲು ಎಷ್ಟು ಹೊತ್ತು ಬೇಕು ಎಂದು ವಿಚಾರಿಸುತ್ತಾನೆ. ಹಸಿ ಬಣ್ಣಕ್ಕೆ ಬಟ್ಟೆ ತಾಗಿದ್ದರೆ ಆ ಬಟ್ಟೆಯ ಮೇಲೂ ಕಲೆ ಇರಲೇಬೇಕು. ಆ ಬಟ್ಟೆ ಎಲ್ಲಿ? ಇಷ್ಟು ಹೇಳಿ ಆ ಸಂಜೆ ನಾನು ನಿಲ್ಲಿಸಿದೆ. ಮಗಳು ಬಿಡಲಿಲ್ಲ. ನೋಟ್‌ಬುಕ್ ತಂದು ಮನೆಯಲ್ಲಿದ್ದವರ ಹೆಸರು, ಆ ರಾತ್ರಿ ಯಾರು ಎಲ್ಲಿದ್ದರು, ಯಾರ ಮಾತಿಗೆ ಯಾರು ಸಾಕ್ಷಿ ಎಂದು ಗೆರೆ ಹಾಕಿ ಬರೆದಳು. 1860ರಲ್ಲಿ ಇಂಗ್ಲೆಂಡನ್ನು ನಡುಗಿಸಿದ ರೋಡ್ ಹಿಲ್ ಹೌಸ್ ಕೊಲೆ ಪ್ರಕರಣದಲ್ಲಿ ಕಾಣೆಯಾದ ಒಂದು ನೈಟ್‌ಗೌನ್ ಮುಖ್ಯ ಸುಳಿವಾಗಿತ್ತು. ಸ್ಕಾಟ್ಲೆಂಡ್ ಯಾರ್ಡ್‌ನ ಜೊನಾಥನ್ ವಿಚರ್ ಅದರ ಬೆನ್ನು ಹತ್ತಿದ್ದ. ಕಾಲಿನ್ಸ್‌ಗೆ ಕಫ್‌ನ ಪಾತ್ರ ಹೊಳೆದದ್ದು ಅಲ್ಲಿಂದ. ಇದನ್ನು ತಿಳಿದ ಮೇಲೆ ಮಗಳ ಪಟ್ಟಿಗೆ ‘ಬಟ್ಟೆ’ ಎಂಬ ಇನ್ನೊಂದು ಕಂಬಸಾಲು ಸೇರಿತು.

ನಡುವೆ ಒಂದು ಭಾನುವಾರ ಎಲ್ಲರೂ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆವು. ರಂಗನಾಥನ ದರ್ಶನಕ್ಕೆ ಎಷ್ಟೋ ಸಲ ಹೋಗಿದ್ದೇವೆ. ಈ ಸಲ ಕೋಟೆಯ ಗೋಡೆ ಒಡೆದ ಜಾಗ, ಟಿಪ್ಪುವಿನ ದೇಹ ಸಿಕ್ಕಿತೆಂದು ಗುರುತು ಮಾಡಿರುವ ಕಲ್ಲು, ಕಾವೇರಿಯ ಕಡೆಯ ಬಾಗಿಲು, ಎಲ್ಲವನ್ನೂ ಸಾವಕಾಶವಾಗಿ ನೋಡಿದೆವು. ಕಾದಂಬರಿಯ ವಜ್ರ ಕಲ್ಪನೆಯದು, ಲೂಟಿ ಮಾತ್ರ ನಿಜ. ಟಿಪ್ಪುವಿನ ಮರದ ಹುಲಿ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಕಾದಂಬರಿಯಲ್ಲಿ ಜನರಲ್ ಬೇರ್ಡ್, ಕದ್ದವನು ಸಿಕ್ಕಿಬಿದ್ದರೆ ಯಾರೇ ಆಗಲಿ ಗಲ್ಲಿಗೆ ಹಾಕುವುದಾಗಿ ಡಂಗುರ ಸಾರಿಸುತ್ತಾನೆ. ಆ ಸಾಲನ್ನು ನಾನು ಗೋಡೆಯ ಬಳಿ ನಿಂತು ಓದಿ ಹೇಳಿದೆ. ಮಗ, “ಹಾಗಾದರೆ ಹುಲಿ ತೆಗೆದುಕೊಂಡು ಹೋದವರಿಗೆ?” ಎಂದು ಕೇಳಿದ. ಮಗಳ ಪ್ರಾಜೆಕ್ಟ್‌ಗೆ ಆ ಪ್ರಶ್ನೆಯೇ ಕೊನೆಯ ಪುಟವಾಯಿತು.

ಓದಲು ಹೊರಡುವವರಿಗೆ ನನ್ನದೊಂದು ಬಿನ್ನಹ. ಪುಸ್ತಕಕ್ಕೆ ಬೇರೆಯವರು ಬರೆದ ಪ್ರಸ್ತಾವನೆಯನ್ನು ಮೊದಲು ಓದಬೇಡಿ. ವಿದ್ವಾಂಸರು ಕಳ್ಳನ ಹೆಸರನ್ನು ನಿರಾಳವಾಗಿ ಬರೆದಿರುತ್ತಾರೆ. ಅಂತರ್ಜಾಲದಲ್ಲಿ ಪಾತ್ರಗಳ ಹೆಸರನ್ನೂ ಹುಡುಕಬೇಡಿ. ಹಳೆಯ ಇಂಗ್ಲಿಷಿನ ಉದ್ದ ವಾಕ್ಯಗಳು ಮೊದಮೊದಲು ತಡೆಯುತ್ತವೆ. ನಾಲ್ಕೈದು ಅಧ್ಯಾಯ ದಾಟಿದರೆ ಬೆಟರೆಡ್ಜ್‌ನೇ ಕೈಹಿಡಿದು ನಡೆಸುತ್ತಾನೆ. ಹುಟ್ಟುಹಬ್ಬದ ಊಟದ ಅಧ್ಯಾಯವನ್ನು ಮಾತ್ರ ಹಾರಿಸಬೇಡಿ.

ಎಜ್ರಾ ಜೆನಿಂಗ್ಸ್ ಎಂಬ ವೈದ್ಯನ ಸಹಾಯಕ ಕಥೆಯನ್ನು ಕೈಗೆತ್ತಿಕೊಂಡ ಮೇಲೆ ಕಂತಿನ ನಿಯಮ ನನ್ನಿಂದ ಪಾಲಿಸಲಾಗಲಿಲ್ಲ. ಊರೆಲ್ಲ ಅನುಮಾನಿಸುವ, ನೋವಿನಲ್ಲಿ ಬೇಯುವ ಆ ಮನುಷ್ಯನ ದಿನಚರಿ ಇಡೀ ಪುಸ್ತಕದ ಜೀವ. ಕಾಲಿನ್ಸ್ ಸ್ವತಃ ಸಂಧಿವಾತದ ನೋವಿಗೆ ಅಫೀಮಿನ ದ್ರಾವಣ ಕುಡಿಯುತ್ತಾ, ತಾಯಿಯನ್ನು ಕಳೆದುಕೊಂಡ ದುಃಖದಲ್ಲೇ ಈ ಕಾದಂಬರಿಯನ್ನು ಬರೆಯುತ್ತಿದ್ದ. ಆ ಪುಟಗಳಲ್ಲಿ ಅದು ತಿಳಿಯುತ್ತದೆ. ನಮ್ಮವರು ಆ ದಿನ ಅಡುಗೆ ವಹಿಸಿಕೊಂಡು, ಮಕ್ಕಳನ್ನೂ ನೋಡಿಕೊಂಡು ನನ್ನನ್ನು ಕೊನೆಯ ಪುಟದವರೆಗೂ ಓದಲು ಬಿಟ್ಟರು.

ಸಂಜೆ ಕಳ್ಳನ ಹೆಸರು ಹೇಳಿದಾಗ ಮಗಳು ಒಪ್ಪಲಿಲ್ಲ, ಸುಳಿವೇ ಕೊಡದೆ ಮೋಸ ಮಾಡಿದ್ದಾನೆ ಎಂದು ವಾದಿಸಿದಳು. ಮೊಬೈಲ್ ಕಸಿದುಕೊಂಡು ಆರಂಭದ ಅಧ್ಯಾಯಗಳಿಗೆ ಹೋಗಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು ತಾನೇ ಓದತೊಡಗಿದಳು. ಮೊದಲ ಸುಳಿವು ಸಿಕ್ಕಿದ ಕೂಡಲೇ ಅಜ್ಜಿಯನ್ನು ಕೂಗಿದಳು. ಎರಡನೆಯದು ಸಿಕ್ಕಿದಾಗ ನೋಟ್‌ಬುಕ್ ತಂದಳು. ಮೂರನೆಯದನ್ನು ಅವಳು ಹುಡುಕುತ್ತಿದ್ದಾಗ ಅತ್ತೆಯವರು ಕನ್ನಡಕ ಹಾಕಿಕೊಂಡು ಅವಳ ಪಕ್ಕದಲ್ಲೇ ಹೋಗಿ ಕುಳಿತರು.