ಬೀದರ್‌ನಿಂದ ಸೋಫಿಯಾ, ಅಲ್ಲಿಂದ ವಿದಿನ್: ಕಡಿಮೆ ಖರ್ಚಿನ ದಾರಿ

ಮೊದಲು ವೀಸಾ. ಸೋಫಿಯಾ ಬಲ್ಗೇರಿಯಾದ ರಾಜಧಾನಿ. ಬಲ್ಗೇರಿಯಾ 2025ರ ಜನವರಿಯಿಂದ ಪೂರ್ತಿ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗಿದೆ. ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಪ್ರಯಾಣ ವಿಮೆಯೂ ಬೇಕು. 2026ರಿಂದ ಅಲ್ಲಿ ಯೂರೋನೇ ನಡೆಯುತ್ತದೆ. ಯಾರಾದರೂ ಹಳೆ ಲೆವ್ ನೋಟು ಕೊಟ್ಟರೆ ಬೇಡ ಅನ್ನಿ.

ವಿಮಾನ ಹೈದರಾಬಾದಿನಿಂದ, ನಡುವೆ ಒಂದು ಕಡೆ ಬದಲಿಸಬೇಕು. ಬ್ಯಾಗಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇರಲಿ. ತುಪ್ಪ, ಪೇಡಾ ಮಾತ್ರ ಬೇಡ. ಹಾಲಿನ ಪದಾರ್ಥ, ಮಾಂಸ ಒಳಗೆ ಬಿಡುವುದಿಲ್ಲ. ನಮ್ಮತ್ತೆಯವರನ್ನು ಇದಕ್ಕೆ ಒಪ್ಪಿಸುವುದು ವೀಸಾಗಿಂತ ಕಷ್ಟ!

ಸೋಫಿಯಾದಲ್ಲಿ ಟ್ಯಾಕ್ಸಿಗೆ ಸುಮ್ನೆ ದುಡ್ಡು ಸುರಿಯಬೇಡಿ. ವಿಮಾನ ನಿಲ್ದಾಣದ ಟರ್ಮಿನಲ್ 2ರಿಂದಲೇ ಮೆಟ್ರೋ ಇದೆ. ಊರ ನಡುವೆ ಹಳೆ ಸ್ನಾನಗೃಹದ ಹತ್ತಿರ ಬಿಸಿನೀರಿನ ಬುಗ್ಗೆಯ ನಲ್ಲಿಗಳಿವೆ. ಅಜ್ಜಿಯರು ದೊಡ್ಡ ಕ್ಯಾನ್ ತಂದು ಸಾಲಾಗಿ ತುಂಬಿಸಿಕೊಳ್ಳುತ್ತಾರೆ. ನೀವೂ ಬಾಟ್ಲಿ ಹಿಡಿಯಿರಿ, ಪುಕ್ಕಟೆ. ಬೆಳಗ್ಗೆ ಬೇಕರಿಯಲ್ಲಿ ಬಾನಿತ್ಸಾ ತಿನ್ನಿ: ಪದರ ಪದರ ಹಿಟ್ಟಿನ ನಡುವೆ ಉಪ್ಪುಪ್ಪು ಚೀಸ್. ಮೊಟ್ಟೆಯೂ ಇರುತ್ತದೆ, ತಿನ್ನದವರು ಎಚ್ಚರ. ಜೊತೆಗೆ ಐರಾನ್, ಅಂದ್ರೆ ಮಜ್ಜಿಗೆಯೇ.

ವಿದಿನ್ ಡ್ಯಾನ್ಯೂಬ್ ದಂಡೆಯ ಗಡಿ ಊರು. ರೈಲು ನಿಧಾನ, ಆದರೆ ಅಗ್ಗ. ಒಂದು ರಾತ್ರಿ ಸಾಕು. ಬಾಬಾ ವಿದಾ ಕೋಟೆ ನಮ್ಮ ಬೀದರ್ ಕೋಟೆ ನೋಡಿದವರಿಗೆ ಪುಟ್ಟದು ಅನಿಸುತ್ತೆ, ಆದರೂ ಹೊಳೆ ಪಕ್ಕದಲ್ಲೇ ಇದೆಯಲ್ವಾ, ಬಿಡಬೇಡಿ. ಆಚೆ ದಡ ರೊಮೇನಿಯಾದ ಕಾಲಾಫಾತ್. 2013ರ ಸೇತುವೆ ಊರಿನಿಂದ ಹೊರಗಿದೆ. ದಾಟುವುದಾದರೆ ಪಾಸ್‌ಪೋರ್ಟ್ ಜೊತೆಗಿರಲಿ.